ಗಾಂಧಾರ ಕಟ್ಟದ ಮೂರು ತಂತಿ

ಮೇಷ್ಟ್ರು: ಅಲ್ಲಯ್ಯಾ, ಒಂದು ಕಾರ್ಡಿಗೆ ಬೇಕಾದದ್ದು ಮೂರು ಸ್ವರ: ಷಡ್ಜ, ಗಾಂಧಾರ, ಪಂಚಮ. ನಿನ್ನ ಗಿಟಾರಿಗೆ ಇರುವುದೂ ಮೂರೇ ತಂತಿ. ಲೆಕ್ಕ ತಾನಾಗಿ ಕೂಡಿಬಂದಿರುವಾಗ ನೀನು ಷಡ್ಜವನ್ನು ಎರಡು ಸಲ ಕಟ್ಟಿ, ಗಾಂಧಾರವನ್ನು ಹೊರಗಿಟ್ಟು, ಸ–ಪ–ಸ ಎಂದು ಶ್ರುತಿ ಮಾಡುತ್ತಿದ್ದೀಯ. ಇರುವುದೇ ಮೂರು, ಅದರಲ್ಲೂ ಒಂದನ್ನು ದಂಡ ಮಾಡಿದ ಹಾಗಲ್ಲವೆ? ಸಿಗಾರ್ ಪೆಟ್ಟಿಗೆಗೆ ಕೋಲು ಸಿಕ್ಕಿಸಿದ ಬಡವರ ವಾದ್ಯ, ಅದರಿಂದ ಹೆಚ್ಚು ಕೇಳಬಾರದು ಅನ್ನುತ್ತೀಯೋ?

ಗಿಟಾರಿನವ: ಬಡವರ ವಾದ್ಯ ಅನ್ನುವುದು ನಿಜ ಮೇಷ್ಟ್ರೇ, ಆದರೆ ಈ ಶ್ರುತಿ ಬಡತನಕ್ಕೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಸಿಗಾರ್‌ಗಳನ್ನು ತೆಳು ಮರದ ಸಣ್ಣ ಪೆಟ್ಟಿಗೆಗಳಲ್ಲಿ ಮಾರತೊಡಗಿದ ಮೇಲೆ ಖಾಲಿ ಪೆಟ್ಟಿಗೆ ಯಾರ ಕೈಗೂ ಸಿಗುವ ವಸ್ತುವಾಯಿತು. ಅಲ್ಲಿನ ಅಂತರ್ಯುದ್ಧವನ್ನು ಚಿತ್ರಿಸಿದ ಎಡ್ವಿನ್ ಫೋರ್ಬ್ಸ್ 1876ರಲ್ಲಿ ಹೊರತಂದ ಒಂದು ಅಚ್ಚುಚಿತ್ರದಲ್ಲಿ ಸೈನಿಕನೊಬ್ಬ ಅಂಥ ಪೆಟ್ಟಿಗೆಯಿಂದ ಮಾಡಿದ ಪಿಟೀಲು ನುಡಿಸುತ್ತಾನೆ. ಮಿಸಿಸಿಪ್ಪಿ ಕಡೆಯ ಕರಿಯರ ಹಟ್ಟಿಗಳಲ್ಲಿ ಇನ್ನೂ ಸರಳ. ಮನೆಯ ಗೋಡೆಗೆ ಎರಡು ಮೊಳೆ ಹೊಡೆದು, ಪೊರಕೆಗೆ ಸುತ್ತಿದ ತಂತಿಯನ್ನು ಬಿಚ್ಚಿ ಅಲ್ಲಿ ಬಿಗಿದು, ಸೀಸೆಯನ್ನು ಅದರ ಮೇಲೆ ಜಾರಿಸಿ ನುಡಿಸುವ ಡಿಡ್ಲಿ ಬೋ. ಬ್ಲೂಸ್ ಹಾಡುಗಳನ್ನು ಬರೆದು ಅಚ್ಚು ಹಾಕಿಸಿದ ಡಬ್ಲ್ಯು. ಸಿ. ಹ್ಯಾಂಡಿ ತಮ್ಮ ಆತ್ಮಕತೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಸುಮಾರು 1903ರಲ್ಲಿ ಟಟ್‌ವಿಲರ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಒಬ್ಬ ಗಿಟಾರಿನ ತಂತಿಗೆ ಚಾಕು ಒತ್ತಿ ಹಾಡಿಗೆ ಜೊತೆ ಕೊಡುತ್ತಿದ್ದನಂತೆ. ಇಲ್ಲೆಲ್ಲ ಹೀಗೆ ತಂತಿಯ ಮೇಲೆ ಜಾರಿಸುವ ಸ್ಲೈಡಿನ ಕೆಲಸ ಕಾರ್ಡ್ ಹಾಕುವುದಲ್ಲ, ಹಾಡುವವನ ಕಂಠದ ಬೆನ್ನು ಹಿಡಿದು ಹೋಗುವುದು. ಒಂದು ತಂತಿ ಹಾಡಲು, ಉಳಿದೆರಡು ಅದಕ್ಕೆ ಶ್ರುತಿ ಹಿಡಿಯಲು ಎಂದುಕೊಂಡು ನೋಡಿದರೆ ಸ–ಪ–ಸ ದಂಡ ಅನ್ನಿಸುವುದಿಲ್ಲ. ನಿಮ್ಮ ವೀಣೆಯ ಪಕ್ಕದಲ್ಲಿರುವ ಮೂರು ತಾಳದ ತಂತಿಗಳೂ ಸ–ಪ–ಸ ತಾನೆ? ಅಲ್ಲಿ ಗಾಂಧಾರ ಯಾಕಿಲ್ಲ ಎಂದು ಯಾರೂ ಕೇಳಿಲ್ಲ.

ಮೇಷ್ಟ್ರು: ವೀಣೆಯಲ್ಲಿ ಕಾರ್ಡೇ ಇಲ್ಲವಲ್ಲ, ಯಾಕೆ ಕೇಳುತ್ತಾರೆ? ನೀನು ನಿನ್ನ ಕಡೆಯ ಸಾಕ್ಷಿಗಳನ್ನಷ್ಟೇ ಕರೆಯುತ್ತಿದ್ದೀಯ. ಸ್ಲೈಡ್ ಅಂದರೆ ಮಿಸಿಸಿಪ್ಪಿ ಒಂದೇ ಅಲ್ಲ. ಹವಾಯಿಯನ್ ಗಿಟಾರನ್ನು ನಮ್ಮ ರೇಡಿಯೋದಲ್ಲೂ ಸಿನಿಮಾ ಹಾಡಿನಲ್ಲೂ ಒಂದು ತಲೆಮಾರು ಕೇಳಿದೆ. ಅವರು ಉಕ್ಕಿನ ಸಲಾಕೆ ಅಡ್ಡಡ್ಡ ಇಟ್ಟು ತುಂಬಿದ ಕಾರ್ಡನ್ನೇ ಜಾರಿಸುತ್ತಿದ್ದರು, ಗಾಂಧಾರ ಸಮೇತ.

ಗಿಟಾರಿನವ: ಹೌದು, ಜೋಸೆಫ್ ಕೆಕುಕು ಹವಾಯಿಯಲ್ಲಿ ಆ ಪದ್ಧತಿಗೆ ರೂಪ ಕೊಟ್ಟದ್ದು, ಅದು 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದ ಮೂಲಕ ಅಮೆರಿಕಕ್ಕೆಲ್ಲ ಹಬ್ಬಿದ್ದು, ಎರಡನ್ನೂ ಅಲ್ಲಗಳೆಯುವುದಿಲ್ಲ. ಆದರೆ ಆರು ತಂತಿಯ ಗಿಟಾರನ್ನು ಸ್ಲೈಡಿಗಾಗಿ ಹೇಗೆ ಕೂಡಿಸುತ್ತಾರೆ, ಒಂದೊಂದೇ ತಂತಿ ಎಣಿಸಿ ನೋಡಿ. ಓಪನ್ ಜಿ ಎಂಬ ಶ್ರುತಿಯಲ್ಲಿ ದಪ್ಪ ತಂತಿಯಿಂದ ಡಿ, ಜಿ, ಡಿ, ಜಿ, ಬಿ, ಡಿ. ಇದನ್ನೇ ಹವಾಯಿಯವರು ತಾರೋ ಪ್ಯಾಚ್ ಅನ್ನುವುದು. ಜಿ ಷಡ್ಜವಾದರೆ ಬಿ ಗಾಂಧಾರ. ಆರರಲ್ಲಿ ಒಂದೇ ಒಂದು ತಂತಿಗೆ ಗಾಂಧಾರ. ಷಡ್ಜ ಎರಡು, ಪಂಚಮ ಮೂರು. ಓಪನ್ ಡಿ ಎಂಬುದರಲ್ಲಿ ಷಡ್ಜ ಮೂರು, ಪಂಚಮ ಎರಡು, ಗಾಂಧಾರ ಮತ್ತೆ ಒಂದೇ. ಆರು ತಂತಿ ಕೈಯಲ್ಲಿದ್ದವರೂ ಗಾಂಧಾರವನ್ನು ಅಷ್ಟು ಅಳೆದು ಹಾಕಿದ್ದಾರೆ, ಅದೂ ಬೇಡವಾದಾಗ ಆ ತಂತಿಯನ್ನು ಮೀಟದೆ ಬಿಡುವಷ್ಟು ಜಾಗ ಇಟ್ಟುಕೊಂಡು. ಅದೇ ಗಾಂಧಾರವನ್ನು ಮೂರು ತಂತಿಯಲ್ಲಿ ಕಟ್ಟಿದರೆ ಆರರಲ್ಲೊಂದು ಇದ್ದದ್ದು ಮೂರರಲ್ಲೊಂದಾಗುತ್ತದೆ. ಇನ್ನೊಂದು ಸಾಕ್ಷಿ ಬೇಕಿದ್ದರೆ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್. ಅವರು ಓಪನ್ ಜಿ ಶ್ರುತಿಯಿಂದ ದಪ್ಪನೆಯ ಆರನೇ ತಂತಿಯನ್ನೇ ತೆಗೆದುಹಾಕಿ ಐದರಲ್ಲಿ ನುಡಿಸುತ್ತಾರೆ: ಜಿ, ಡಿ, ಜಿ, ಬಿ, ಡಿ. ಮೊದಲ ಮೂರನ್ನು ಮಾತ್ರ ಇಟ್ಟುಕೊಂಡರೆ ಅದು ನನ್ನ ಪೆಟ್ಟಿಗೆಯ ಶ್ರುತಿ. ಹೊಸದೇನನ್ನೂ ಕಂಡುಹಿಡಿದಿಲ್ಲ, ಓಪನ್ ಜಿಯ ಬುಡವನ್ನು ಉಳಿಸಿಕೊಂಡದ್ದಷ್ಟೇ.

ಮೇಷ್ಟ್ರು: ಎಣಿಕೆ ಸರಿ. ಆದರೆ ಅವರೂ ಒಂದನ್ನಾದರೂ ಇಟ್ಟುಕೊಂಡರಲ್ಲ. ಕಡಮೆ ಇರಬೇಕು ಅನ್ನುವುದಕ್ಕೂ ಇರಲೇಬಾರದು ಅನ್ನುವುದಕ್ಕೂ ಬಹಳ ಅಂತರವಿದೆ.

ಗಿಟಾರಿನವ: ಆ ಅಂತರ ದಾಟಿಸುವುದು ಸ್ಲೈಡಿನ ಆಕಾರ. ಬೆರಳಾದರೆ ಒಂದು ತಂತಿಯನ್ನು ಎರಡನೇ ಫ್ರೆಟ್ಟಿನಲ್ಲಿ, ಇನ್ನೊಂದನ್ನು ಮೂರನೆಯದರಲ್ಲಿ ಒತ್ತಬಹುದು. ಸ್ಲೈಡ್ ನೆಟ್ಟನೆಯ ಕೊಳವೆ, ಎಲ್ಲಿ ಇಟ್ಟರೂ ಮೂರು ತಂತಿಗೂ ಒಂದೇ ಗೆರೆ. ಬಿಡಿ ತಂತಿಗಳು ಯಾವ ಕಾರ್ಡೋ ಕತ್ತಿನ ಉದ್ದಕ್ಕೂ ಅದೇ ಕಾರ್ಡು, ಮೇಲೆ ಕೆಳಗೆ ಹೋಗುತ್ತದೆಯೇ ಹೊರತು ಜಾತಿ ಬದಲಾಗುವುದಿಲ್ಲ. ಅಂತರ ಗಾಂಧಾರ ಕಟ್ಟಿದಿರೋ, ಎಲ್ಲ ಕಡೆಯೂ ಮೇಜರ್. ಸಾಧಾರಣ ಗಾಂಧಾರವೋ, ಎಲ್ಲ ಕಡೆಯೂ ಮೈನರ್. ಬ್ಲೂಸ್ ಹಾಡುವವರ ಗಾಂಧಾರ ಈ ಎರಡರ ನಡುವೆ ಓಡಾಡುವ ಸ್ವರ. ಒಮ್ಮೆ ಕೆಳಗಿನಿಂದ ಏರಿ ಅರ್ಧದಲ್ಲಿ ನಿಲ್ಲುತ್ತದೆ, ಒಮ್ಮೆ ಅಂತರವನ್ನು ಮುಟ್ಟಿ ಇಳಿಯುತ್ತದೆ. ಕೆಳಗಿನ ಕಾರ್ಡಿನಲ್ಲಿ ಗಾಂಧಾರ ಮೊದಲೇ ನಿಶ್ಚಯವಾಗಿದ್ದರೆ ಮೇಲಿನ ತಂತಿಯ ಆ ಓಡಾಟವೆಲ್ಲ ಅಪಸ್ವರದಂತೆ ಕೇಳುತ್ತದೆ. ಸ–ಪ–ಸ ಮಾಡಿದರೆ ಬಿಡಿ ತಂತಿ ಒಂದು ನೆಲೆ. ಐದನೇ ಫ್ರೆಟ್ಟಿನ ಮೇಲೆ ಸ್ಲೈಡ್ ಇಟ್ಟರೆ ಮಧ್ಯಮ ನೆಲೆ, ಏಳನೆಯದರ ಮೇಲೆ ಪಂಚಮ ನೆಲೆ. ಹನ್ನೆರಡು ಬಾರಿನ ಬ್ಲೂಸಿಗೆ ಇಷ್ಟೇ ಸಾಕು, ಮೂರು ನೆಲೆಯಲ್ಲೂ ಗಾಂಧಾರದ ಬಾಗಿಲು ತೆರೆದೇ ಇರುತ್ತದೆ.

ಇದು ಬರೀ ಅಭಿರುಚಿಯ ಮಾತಲ್ಲ, ಅಳತೆಪಟ್ಟಿ ಹಿಡಿದರೆ ಕಣ್ಣಿಗೇ ಕಾಣುತ್ತದೆ. ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ 635 ಮಿಲಿಮೀಟರ್ ಇದೆ ಅನ್ನೋಣ, ಅಂದರೆ 25 ಇಂಚು. ಏಳನೇ ಫ್ರೆಟ್ ಬೀಳುವುದು ನಟ್‌ನಿಂದ 211.2 ಮಿ.ಮೀ.ಗೆ. ಶುದ್ಧ ಪಂಚಮ ಇರುವುದು ತಂತಿಯ ಮೂರನೇ ಒಂದು ಪಾಲಿನಲ್ಲಿ, 211.7ಕ್ಕೆ. ವ್ಯತ್ಯಾಸ ಅರ್ಧ ಮಿಲಿಮೀಟರ್. ಐದನೇ ಫ್ರೆಟ್ಟಿಗೂ ಶುದ್ಧ ಮಧ್ಯಮಕ್ಕೂ ಇರುವ ವ್ಯತ್ಯಾಸವೂ ಸುಮಾರು ಅಷ್ಟೇ. ಗೆರೆ ನೋಡಿ ಸ್ಲೈಡ್ ಇಟ್ಟರೂ ಸ್ವರ ತಪ್ಪುವುದಿಲ್ಲ. ಈಗ ಗಾಂಧಾರಕ್ಕೆ ಬನ್ನಿ. ನಾಲ್ಕನೇ ಫ್ರೆಟ್ 131 ಮಿ.ಮೀ.ನಲ್ಲಿದೆ, ಶುದ್ಧ ಅಂತರ ಗಾಂಧಾರ ಐದನೇ ಒಂದು ಪಾಲಿನಲ್ಲಿ, ಸರಿಯಾಗಿ 127ರಲ್ಲಿ. ಪೂರಾ ನಾಲ್ಕು ಮಿಲಿಮೀಟರ್ ಹಿಂದೆ! ಮೂರನೇ ಫ್ರೆಟ್ 101ರಲ್ಲಿದ್ದರೆ ಶುದ್ಧ ಸಾಧಾರಣ ಗಾಂಧಾರ ಸುಮಾರು 106ರಲ್ಲಿದೆ, ಅದು ಐದು ಮಿಲಿಮೀಟರ್ ಮುಂದೆ. ಅಂದರೆ ಷಡ್ಜ, ಮಧ್ಯಮ, ಪಂಚಮಗಳಲ್ಲಿ ಗೆರೆಯೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಗಾಂಧಾರದಲ್ಲಿ ಮಾತ್ರ ಗೆರೆ ಒಂದು ಕಡೆ ಎಳೆದರೆ ಕಿವಿ ಇನ್ನೊಂದು ಕಡೆ. ಕಿವಿಗೆ ಬಿಡಬೇಕಾದ ಸ್ವರವನ್ನು ಬಿರಡೆಯಲ್ಲಿ ಬಿಗಿದುಬಿಡುವುದು ಯಾಕೆ?

ಮೇಷ್ಟ್ರು: ಇಲ್ಲಿ ನಿನ್ನನ್ನು ಹಿಡಿಯುತ್ತೇನೆ. ತಂಬೂರಿಯಲ್ಲಿ ನಾವು ಗಾಂಧಾರ ಕಟ್ಟುವುದಿಲ್ಲ, ಆದರೆ ಶ್ರುತಿ ಚೆನ್ನಾಗಿ ಸೇರಿದಾಗ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ. ಕಲಿಯುವ ಮಕ್ಕಳಿಗೂ ಗೊತ್ತಿರುವ ಸಂಗತಿ. ಷಡ್ಜದ ತಂತಿಯಲ್ಲೇ ಅದು ಅಡಗಿದೆ. ಹಾಗಿದ್ದ ಮೇಲೆ ಬಾಗಿಲು ತೆರೆದೇ ಇದೆ ಎಂಬ ನಿನ್ನ ಮಾತು ಪೂರ್ತಿ ನಿಜವಲ್ಲ. ತಂತಿ ಆಗಲೇ ಒಂದು ಪಕ್ಷ ಹಿಡಿದಿದೆ.

ಗಿಟಾರಿನವ: ಒಪ್ಪಿದೆ. ದಪ್ಪ ಜಿ ತಂತಿ ಸೆಕೆಂಡಿಗೆ 98 ಸಲ ಕಂಪಿಸುತ್ತದೆ. ಅದರ ಐದನೇ ಉಪಸ್ವರ 490, ಅದು ಗಾಂಧಾರವೇ. 127ನೇ ಮಿಲಿಮೀಟರಿನಲ್ಲಿ ಸ್ಲೈಡ್ ನಿಲ್ಲಿಸು ಎಂದು ಕಿವಿಗೆ ಹೇಳುವುದೂ ಅದೇ: ಅಲ್ಲಿ ಸಣ್ಣ ತಂತಿ 245 ಸಲ ಕಂಪಿಸಿ ಅದರ ಎರಡನೇ ಉಪಸ್ವರ ಆ 490ರ ಜೊತೆ ಕೂಡುತ್ತದೆ. ಪಕ್ಷ ಹಿಡಿದಿದೆ ಅನ್ನಿ, ಆದರೆ ಪಿಸುಮಾತಿನಲ್ಲಿ. ಸಾಧಾರಣ ಗಾಂಧಾರ ನುಡಿಸಿದಾಗ ಆ ಪಿಸುಮಾತಿಗೆ ಅದು ತುಸು ಉಜ್ಜುತ್ತದೆ, ಬ್ಲೂಸಿನ ರುಚಿಯಲ್ಲಿ ಒಂದು ಪಾಲು ಆ ಉಜ್ಜಾಟದ್ದು. ಒಂದು ತಂತಿಯನ್ನೇ ಗಾಂಧಾರಕ್ಕೆ ಬಿಗಿದರೆ ಪಿಸುಮಾತು ಹೋಗಿ ಕೂಗಾಗುತ್ತದೆ. ಟ್ಯೂನರ್ ನೋಡಿ ಬಿಗಿದರಂತೂ ಅದು ತೋರಿಸುವ ಬಿ 246.9. ಬಿಡಿ ಜಿ ತಂತಿಯ ಉಪಸ್ವರಕ್ಕೆ ಅದು ತಾಗಿ ಸೆಕೆಂಡಿಗೆ ಹೆಚ್ಚುಕಡಮೆ ನಾಲ್ಕು ಸಲ ನಡುಗುತ್ತದೆ. ಅದೇ ಟ್ಯೂನರ್ ತೋರಿಸುವ ಪಂಚಮದ ನಡುಕ ಮೂರು ಸೆಕೆಂಡಿಗೆ ಒಂದು, ಗಮನಕ್ಕೂ ಬರುವುದಿಲ್ಲ.

ಮೇಷ್ಟ್ರು: ಟ್ಯೂನರ್ ಯಾಕೆ ನೋಡಬೇಕು? ಕಿವಿಯಿಂದ 245ಕ್ಕೆ ಕೂಡಿಸು, ನಡುಕ ಹೋಗುತ್ತದೆ. ನಿನ್ನ ಕತ್ತಿನ ಮೇಲಿರುವುದು ಬರೀ ಬಣ್ಣದ ಗೆರೆ, ಲೋಹದ ಫ್ರೆಟ್ಟೂ ಇಲ್ಲ.

ಗಿಟಾರಿನವ: ಹೋಗುತ್ತದೆ, ನಿಜ. ನಡುಕದ ವಾದವನ್ನು ಬಿಟ್ಟೇಬಿಟ್ಟೆ. ಆದರೆ ಎಷ್ಟು ಶುದ್ಧವಾಗಿ ಕಟ್ಟಿದರೂ ಅದು ಮೇಜರ್ ಗಾಂಧಾರವೇ, ಮೈನರ್ ಹಾಡಿಗೆ ಬಾರದು ಎಂಬುದು ಹಾಗೇ ಉಳಿಯುತ್ತದೆ. ನನ್ನ ವಾದ ನಿಂತಿರುವುದು ಅದರ ಮೇಲೆ.

ಮೇಷ್ಟ್ರು: ಆಗಲಿ. ಈಗ ಮರದ ಕೆಲಸಕ್ಕೆ ಬಾ. ತಂತಿಯನ್ನು ಇಷ್ಟು ಎತ್ತರಿಸಿದ್ದೀಯ, ಕುದುರೆ ಸಡಿಲವಾಗಿ ಕೂತಿದೆ. ಗಿಟಾರ್ ರಿಪೇರಿಯವರು ನೋಡಿದರೆ ಸೆಟಪ್ಪೇ ಆಗಿಲ್ಲ ಅಂದಾರು.

ಗಿಟಾರಿನವ: ಬೆರಳಿನ ಗಿಟಾರಿಗೆ ಮಾಡುವ ಸೆಟಪ್ ಇಲ್ಲಿ ತಲೆಕೆಳಗು. ಅಲ್ಲಿ ತಂತಿ ಹಲಗೆಗೆ ಆದಷ್ಟು ಹತ್ತಿರ ಇರಬೇಕು, ಹನ್ನೆರಡನೇ ಫ್ರೆಟ್ಟಿನ ಹತ್ತಿರ ಎರಡು ಮಿಲಿಮೀಟರಿನ ಆಸುಪಾಸು. ಎತ್ತರವಾದರೆ ಬೆರಳು ನೋಯುತ್ತದೆ, ಒತ್ತಿದಾಗ ತಂತಿ ಎಳೆದು ಸ್ವರ ಏರುತ್ತದೆ. ಆ ಏರಿಕೆಯನ್ನು ಸರಿದೂಗಿಸಲು ಬ್ರಿಡ್ಜನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಕೂರಿಸುತ್ತಾರೆ. ಸ್ಲೈಡ್ ತಂತಿಯನ್ನು ಹಲಗೆಗೆ ಒತ್ತುವುದೇ ಇಲ್ಲ. ನಿಮ್ಮ ಗೋಟುವಾದ್ಯದಲ್ಲಿ ಮರದ ಉರುಳೆ ತಂತಿಯ ಮೇಲೆ ತೇಲುವಂತೆ ಇಲ್ಲೂ ಗಾಜಿನ ಕೊಳವೆ ತೇಲಬೇಕು. ಆದ್ದರಿಂದ ನಟ್‌ನ ಹತ್ತಿರವೇ ಮೂರು ಮಿಲಿಮೀಟರ್, ಹನ್ನೆರಡನೆಯದರ ಹತ್ತಿರ ನಾಲ್ಕು. ಅದಕ್ಕಿಂತ ತಗ್ಗಿದರೆ ಸ್ಲೈಡ್ ಹಲಗೆಗೆ ತಾಗಿ ಟಕಟಕ ಅನ್ನುತ್ತದೆ. ಬ್ರಿಡ್ಜ್ ಹಿಂದಕ್ಕೆ ತಳ್ಳುವ ಕೆಲಸವೂ ಇಲ್ಲ. ನಟ್‌ನಿಂದ ಹನ್ನೆರಡನೇ ಗೆರೆಗೆ ಎಷ್ಟೋ ಅಲ್ಲಿಂದ ಬ್ರಿಡ್ಜಿಗೂ ಅಷ್ಟೇ, 317.5 ಮತ್ತು 317.5. ಆ ಕುದುರೆಗೆ, ಅಂದರೆ ಬ್ರಿಡ್ಜಿಗೆ, ಅಂಟು ಹಾಕದೆ ಬಿಟ್ಟದ್ದು ಅದಕ್ಕೇ. ಹನ್ನೆರಡನೇ ಗೆರೆಯ ಮೇಲೆ ತಂತಿಯನ್ನು ಬೆರಳ ತುದಿಯಿಂದ ಸೋಕಿ ಮೀಟಿದಾಗ ಬರುವ ಸ್ವರವೂ ಅದೇ ಗೆರೆಯ ಮೇಲೆ ಸ್ಲೈಡ್ ಇಟ್ಟಾಗ ಬರುವ ಸ್ವರವೂ ಒಂದಾಗುವ ತನಕ ಸರಿಸುವುದು, ಆಮೇಲೆ ತಂತಿಯ ಒತ್ತಡವೇ ಅದನ್ನು ಹಿಡಿದಿಡುತ್ತದೆ.

ಹೆಚ್ಚಿನವರು ಎಡವುವುದು ನಟ್‌ನ ಗಾಡಿಗಳಲ್ಲಿ, ಅಂದರೆ ತಂತಿ ಕೂರುವ ಸೀಳುಗಳಲ್ಲಿ. ಅಕೂಸ್ಟಿಕ್ ಗಿಟಾರಿನ 12ರ ಸೆಟ್ಟಿನಿಂದ ಎ, ಡಿ, ಜಿ ತಂತಿಗಳನ್ನು ತೆಗೆದುಕೊಂಡರೆ ಅವುಗಳ ದಪ್ಪ 42, 32, 24, ಇವು ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕ. ದಪ್ಪ ತಂತಿ 1.07 ಮಿ.ಮೀ., ಸಣ್ಣದು 0.61. ಮೂರು ಗಾಡಿಗಳನ್ನೂ ಒಂದೇ ಆಳಕ್ಕೆ ಕೊರೆದರೆ ತಂತಿಗಳ ಹೊಟ್ಟೆ ಒಂದೇ ಮಟ್ಟದಲ್ಲಿರುತ್ತದೆ, ಬೆನ್ನು ಇರುವುದಿಲ್ಲ. ಸಣ್ಣದರ ಬೆನ್ನು ದಪ್ಪದ್ದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಕೆಳಗೆ. ಸ್ಲೈಡ್ ಕೂರುವುದು ಬೆನ್ನಿನ ಮೇಲೆ. ಅದು ದಪ್ಪ ತಂತಿಗೆ ಮೊದಲು ತಾಗುತ್ತದೆ, ಹಾಡಬೇಕಾದ ಸಣ್ಣ ತಂತಿಗೆ ತಾಗಲು ಇನ್ನಷ್ಟು ಒತ್ತಬೇಕು, ಒತ್ತಿದರೆ ದಪ್ಪದ್ದರ ಸ್ವರ ಏರುತ್ತದೆ. ಹಾಗಾಗಿ ದಪ್ಪದ್ದರ ಗಾಡಿಯನ್ನು ಆ ಅರ್ಧ ಮಿಲಿಮೀಟರಿನಷ್ಟು ಹೆಚ್ಚು ಆಳ ಕೊರೆದು, ಉಕ್ಕಿನ ಅಳತೆಪಟ್ಟಿಯ ಅಂಚನ್ನು ಮೂರರ ಮೇಲೂ ಅಡ್ಡ ಇಟ್ಟು, ಸಂದಿನಲ್ಲಿ ಬೆಳಕು ಕಾಣದಂತೆ ಸಮ ಮಾಡಬೇಕು. ಬ್ರಿಡ್ಜಿನಲ್ಲೂ ಇದೇ. ನಟ್ ಜಾಗದಲ್ಲಿ ಬೋಲ್ಟ್ ಮಲಗಿಸುವುದು ಈ ಗಿಟಾರುಗಳಲ್ಲಿ ರೂಢಿ, ನೋಡಲು ಚೆಂದವೇ. ಅದರ ತಿರುಪುಗಳ ನಡುವೆ ತಂತಿಗಳು ಒಂದೇ ಮಟ್ಟದಲ್ಲಿ ಕೂರುತ್ತವೆ ಎಂಬ ಭರವಸೆ ಮಾತ್ರ ಇಟ್ಟುಕೊಳ್ಳಬಾರದು.

ಮೇಷ್ಟ್ರು: ದಪ್ಪ ತಂತಿ ಸಡಿಲ ಅನ್ನಿಸುತ್ತಿದೆ. ಮೀಟಿದರೆ ಗೊರಗೊರ ಅನ್ನುತ್ತದೆ.

ಗಿಟಾರಿನವ: ಎ ತಂತಿಯನ್ನು 110ರಿಂದ 98ಕ್ಕೆ ಇಳಿಸಿದ್ದರ ಫಲ. ಬಿಗಿತ ಕಂಪನದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಆದ್ದರಿಂದ ಸ್ವರ ಎರಡೇ ಮನೆ ಇಳಿದರೂ ಬಿಗಿತದಲ್ಲಿ ಐದನೇ ಒಂದು ಪಾಲು ಹೋಯಿತು. ಡಿ ಮತ್ತು ಜಿ ತಂತಿಗಳು ತಮ್ಮ ಎಂದಿನ ಸ್ವರದಲ್ಲೇ ಇವೆ. ಸ್ಲೈಡಿನ ಭಾರಕ್ಕೆ ಒಂದು ತಂತಿ ತಗ್ಗುತ್ತದೆ, ಎರಡು ತಗ್ಗುವುದಿಲ್ಲ. ಎಲ್ಲವನ್ನೂ ಎರಡು ಮನೆ ಏರಿಸಿ ಎ–ಇ–ಎ ಮಾಡಬಹುದು, ಆದರೆ ಆಗ ಡಿ ಮತ್ತು ಜಿ ತಂತಿಗಳ ಬಿಗಿತ ಕಾಲುಭಾಗ ಏರಿ ತೆಳು ಪೆಟ್ಟಿಗೆಯ ಮೇಲೂ ಕೋಲಿನ ಮೇಲೂ ಎಳೆತ ಬೀಳುತ್ತದೆ. ಅದಕ್ಕಿಂತ 42ರ ಬದಲು 46ರ ಬಿಡಿ ತಂತಿ ಹಾಕುವುದು ಲೇಸು. ಹೋದ ಬಿಗಿತ ಹೆಚ್ಚುಕಡಮೆ ವಾಪಸು ಬರುತ್ತದೆ. ಗಾಡಿಯನ್ನು ಅದಕ್ಕೆ ತಕ್ಕಂತೆ ಇನ್ನೊಂದಿಷ್ಟು ಕೊರೆಯಬೇಕು, ಅಷ್ಟೇ. ಶ್ರುತಿ ಮಾಡುವ ಕ್ರಮವೂ ನಿಮಗೆ ಹೊಸದಲ್ಲ. ಟ್ಯೂನರಿನಿಂದ ದಪ್ಪ ಜಿ ಒಂದನ್ನು ಮಾತ್ರ ಕೂಡಿಸಿ, ಅದರ ಏಳನೇ ಗೆರೆಯ ಮೇಲೆ ಬೆರಳು ಸೋಕಿ ಮೀಟಿ. ಮಧ್ಯದ ತಂತಿಯ ಹನ್ನೆರಡನೇ ಗೆರೆಯ ಮೇಲೂ ಹಾಗೇ ಮೀಟಿ. ಎರಡೂ ಒಂದೇ ಸ್ವರ ಆಗಬೇಕು, 294. ಆಮೇಲೆ ದಪ್ಪದ್ದರ ಐದನೇ ಗೆರೆ, ಸಣ್ಣದರ ಹನ್ನೆರಡನೆಯದು. ಎರಡೂ 392ರಲ್ಲಿ ಸೇರಬೇಕು. ಪ್ರತಿ ಸಲವೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಿ. ಇಳಿಸಿ ನಿಲ್ಲಿಸಿದರೆ ಬಿರಡೆಯ ಸಡಿಲು ಆಮೇಲೆ ತಂತಿಯನ್ನು ಇನ್ನಷ್ಟು ಜಗ್ಗಿಬಿಡುತ್ತದೆ. ನುಡಿಸುವಾಗ ಸ್ಲೈಡ್ ಕಿರುಬೆರಳಿಗೆ, ಅದರ ಹಿಂದೆ ಉಳಿದ ಬೆರಳುಗಳು ತಂತಿಗೆ ಹಗುರಾಗಿ ತಾಗಿರಲಿ. ಇಲ್ಲದಿದ್ದರೆ ನಟ್ ಕಡೆಯ ತುಂಡೂ ಕಂಪಿಸಿ ಪ್ರತಿ ಸ್ವರಕ್ಕೂ ಒಂದು ಭೂತ ಜೊತೆಯಾಗುತ್ತದೆ.

ಮೇಷ್ಟ್ರು: ಕೊನೆಯದಾಗಿ ಒಬ್ಬರ ಹೆಸರು ಹೇಳುತ್ತೇನೆ, ಅದಕ್ಕೆ ಉತ್ತರ ಹೇಳು. ಸೀಸಿಕ್ ಸ್ಟೀವ್. 2006ರ ಡಿಸೆಂಬರ್ 31ರ ರಾತ್ರಿ ಬ್ರಿಟನ್ನಿನ ಟಿ.ವಿ.ಯಲ್ಲಿ ನುಡಿಸಿ ಮನೆಮಾತಾದವರು. ಅವರ ಗಿಟಾರಿಗೂ ಮೂರೇ ತಂತಿ, ಅವರು ಕೂಡಿಸುವುದು ಜಿ–ಜಿ–ಬಿ. ಪಂಚಮವನ್ನೇ ಕೈಬಿಟ್ಟು ಗಾಂಧಾರ ಇಟ್ಟುಕೊಂಡಿದ್ದಾರೆ. ನಿನ್ನ ವಾದಕ್ಕೆ ಪೂರಾ ಉಲ್ಟಾ.

ಗಿಟಾರಿನವ: ಉಲ್ಟಾ ಹೌದು, ಆದರೆ ಅವರೂ ಷಡ್ಜವನ್ನು ಎರಡು ಸಲ ಕಟ್ಟಿದ್ದಾರೆ, ನೋಡಿ. ಮೂರು ತಂತಿಗೆ ಮೂರು ಸ್ವರ ಎಂಬ ನಿಮ್ಮ ಲೆಕ್ಕವನ್ನು ಅವರೂ ಒಪ್ಪಲಿಲ್ಲ. ಅವರ ಆಟ ಬೇರೆ. ಒಂದೇ ನೆಲೆಯ ಮೇಲೆ ತಾಳ ಹಿಡಿದು ಕುಟ್ಟುತ್ತ ಹೋಗುವ ಹಾಡು, ನೆಲೆ ಬದಲಾಗುವುದೇ ಅಪರೂಪ. ಬಿ ತಂತಿ ಅಂಚಿನಲ್ಲಿರುವುದರಿಂದ ಅದನ್ನು ಹಾಡುವ ತಂತಿಯಾಗಿ ಬಳಸಿಕೊಂಡು ಮೇಲಕ್ಕೆ ಜಾರಿಸಬಹುದು, ಬೇಡವಾದರೆ ಮೀಟದೆ ಬಿಡಬಹುದು. ಉಳಿದ ಎರಡು ಷಡ್ಜಗಳು ಕುಟ್ಟುತ್ತಲೇ ಇರುತ್ತವೆ. ಹಾಗೆ ನುಡಿಸುವವರಿಗೆ ಅದು ಸರಿಯಾದ ಶ್ರುತಿಯೇ. ಮೂರು ನೆಲೆಗೆ ಓಡಾಡಬೇಕಾದವನಿಗೆ ಪಂಚಮವಿಲ್ಲದ ನೆಲೆ ಸೊರಗುತ್ತದೆ. ಮೇಲಾಗಿ ಸ–ಪ–ಸದಲ್ಲಿ ಎರಡು ಅಂಚಿನ ತಂತಿಗಳೂ ಒಂದೇ ಸ್ವರದ ಎರಡು ಸ್ಥಾಯಿ. ಮೇಲಿನದರಲ್ಲಿ ನುಡಿಸಿದ ಯಾವ ಸ್ವರವನ್ನೂ ಅದೇ ಗೆರೆಯಲ್ಲಿ ಕೆಳಗಿನದರಿಂದ ಇಮ್ಮಡಿ ಮಾಡಬಹುದು. ಜಿ–ಜಿ–ಬಿಯಲ್ಲಿ ಬಿ ತಂತಿಯಲ್ಲಿ ಹಾಡುವವನಿಗೆ ಆ ಅನುಕೂಲ ಇಲ್ಲ.

ಮೇಷ್ಟ್ರು: ಹಾಗಾದರೆ ಭಜನೆಗೋ ಚರ್ಚಿನ ಹಾಡಿಗೋ ತುಂಬಿದ ಮೇಜರ್ ಕಾರ್ಡ್ ಬೇಕು ಅಂದವನಿಗೆ ಏನು ಹೇಳುತ್ತೀಯ?

ಗಿಟಾರಿನವ: ನಾಲ್ಕು ತಂತಿ ಹಾಕಿಕೊಳ್ಳಿ ಅನ್ನುತ್ತೇನೆ: ಜಿ, ಡಿ, ಜಿ, ಬಿ. ಗಾಂಧಾರ ಅಂಚಿನಲ್ಲಿರುತ್ತದೆ, ಬೇಡವಾದಾಗ ಸ್ಲೈಡಿನ ತುದಿಯನ್ನು ಹಿಂದಕ್ಕೆ ಎಳೆದುಕೊಂಡು ಆ ತಂತಿಯನ್ನು ಬಿಟ್ಟುಬಿಡಬಹುದು. ಆಗಲೂ ಸ–ಪ–ಸ ಪೂರ್ತಿ ಉಳಿದಿರುತ್ತದೆ. ಅಂಗಡಿಯಲ್ಲಿ ಸಿಗುವ ಒಂದೂವರೆ ಇಂಚಿನ ಪಟ್ಟಿಯೇ ಕತ್ತಾದರೆ ಅಗಲ 38 ಮಿಲಿಮೀಟರ್. ಎರಡೂ ಅಂಚಿಗೆ ನಾಲ್ಕು ನಾಲ್ಕೂವರೆ ಬಿಟ್ಟರೆ ಮೂರು ತಂತಿಗಳ ನಡುವಿನ ಜಾಗ ಹದಿನಾಲ್ಕೂವರೆ, ನಾಲ್ಕು ಹಾಕಿದರೆ ಹತ್ತಕ್ಕಿಂತ ತುಸು ಕಡಮೆ. ಬೆರಳು ಹೋಗಲು ಅಷ್ಟು ಸಾಕು.

ಮೇಷ್ಟ್ರು: ಸರಿ, ತಲೆಯ ಕಡೆ ನಾಲ್ಕನೇ ಬಿರಡೆಗೆ ಈಗಲೇ ತೂತು ಕೊರೆದಿಡು. ತಂತಿ ಸದ್ಯಕ್ಕೆ ಮೂರೇ ಇರಲಿ, ಆ 46ರದ್ದು ತಂದು ಹಾಕು.